ಎಲ್‌ವಿಎಂ ಡಿವೈಸಸ್ ಕಡತ: ಬಳಸಿ ನೋಡಿದ ಅನುಭವ

ಲಿನಕ್ಸ್‌ನ ಎಲ್‌ವಿಎಂ (ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚುವ ವ್ಯವಸ್ಥೆ), ತಡೆಯದಿದ್ದರೆ, ಯಂತ್ರಕ್ಕೆ ಜೋಡಿಸಿದ ಪ್ರತಿಯೊಂದು ಡಿಸ್ಕಿನ ಮೊದಲ ಸೆಕ್ಟರ್‌ಗಳನ್ನು ಓದಿ ತನ್ನ ಲೇಬಲ್‌ಗಾಗಿ ತಡಕಾಡುತ್ತದೆ. ನೂರಾರು ಸ್ಯಾನ್ ಲನ್‌ಗಳು (ಶೇಖರಣಾ ಜಾಲದ ಮೂಲಕ ಒದಗುವ ಡಿಸ್ಕ್‌ಗಳು) ಇರುವ ಸರ್ವರ್‌ನಲ್ಲಿ ಇದು ಬರೀ ವಿಳಂಬವಷ್ಟೇ ಅಲ್ಲ, ವರ್ಚುವಲ್ ಯಂತ್ರಗಳಿಗೆಂದು ಕೊಟ್ಟ ಡಿಸ್ಕಿನೊಳಗಿನ ವಾಲ್ಯೂಮ್ ಗ್ರೂಪ್‌ಗಳೂ (ಎಲ್‌ವಿಎಂ ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪುಗಳು) ಹೋಸ್ಟ್‌ನಲ್ಲಿ ಕಾಣಿಸಿಕೊಳ್ಳುವ ಅಪಾಯ. ಹಿಂದೆ ಇದಕ್ಕಿದ್ದ ಮದ್ದು ಗ್ಲೋಬಲ್ ಫಿಲ್ಟರ್, ಅಂದರೆ ಯಾವ ಡಿಸ್ಕ್ ನೋಡಬೇಕು, ಯಾವುದನ್ನು ಬಿಡಬೇಕು ಎಂಬ ನಿಯಮ. ಅದರ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಹೆಸರುಗಳನ್ನು ಹೊಂದಿಸಿ ನೋಡುವ ಮಾದರಿಯಲ್ಲಿ) ಒಂದು ಚಿಹ್ನೆ ತಪ್ಪಿದರೂ ಕಾರ್ಯಾಚರಣಾ ವ್ಯವಸ್ಥೆಯಿರುವ ರೂಟ್ ವಾಲ್ಯೂಮ್ ಮಾಯವಾಗುತ್ತಿತ್ತು.

2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ತಾನಾಗಿಯೇ ಚಾಲ್ತಿಯಲ್ಲಿರುವ ಡಿವೈಸಸ್ ಕಡತವು ಲೆಕ್ಕವನ್ನೇ ತಿರುಗಿಸಿದೆ: ಪಟ್ಟಿಯಲ್ಲಿರುವ ಡಿಸ್ಕ್‌ಗಳನ್ನು ಮಾತ್ರ ಎಲ್‌ವಿಎಂ ಬಳಸುತ್ತದೆ. ಬೂಟ್‌ನಿಂದ ಬೂಟ್‌ಗೆ ಬದಲಾಗಬಲ್ಲ ಎಸ್‌ಡಿಎ, ಎಸ್‌ಡಿಬಿಯಂಥ ಹೆಸರುಗಳನ್ನು ನೆಚ್ಚದೆ, ಸಾಧ್ಯವಿದ್ದಲ್ಲೆಲ್ಲ ಡಿಸ್ಕಿನ ಡಬ್ಲ್ಯುಡಬ್ಲ್ಯುಐಡಿ (ಪ್ರತಿ ಡಿಸ್ಕಿಗೂ ಬೇರೆಯೇ ಆದ ಗುರುತು) ಅಥವಾ ಸೀರಿಯಲ್ ಸಂಖ್ಯೆಯಿಂದ ಗುರುತಿಸುವುದು ಇದರ ಅತ್ಯುತ್ತಮ ಗುಣವೆಂದು ನನ್ನ ಅಭಿಪ್ರಾಯ.

ದೂರು ಒಂದಿದೆ. ಹಳೆಯ ಯಂತ್ರದಿಂದ ಬಿಚ್ಚಿ ತಂದ ಡಿಸ್ಕನ್ನು ಜೋಡಿಸಿ ಗ್ರೂಪ್‌ಗಳ ಪಟ್ಟಿ ತೋರಿಸುವ ವಿಜಿಎಸ್ ಆಜ್ಞೆ ಕೊಟ್ಟಾಗ ಅದರ ಗ್ರೂಪ್ ಕಾಣಿಸದೆ, ಡಿಸ್ಕೇ ಕೆಟ್ಟಿತೆಂದು ಅರ್ಧ ಗಂಟೆ ಕೇಬಲ್‌ಗಳನ್ನು ಅಲುಗಾಡಿಸಿದೆ. ವಿಜಿ ಇಂಪೋರ್ಟ್ ಡಿವೈಸಸ್ ಆಜ್ಞೆಯನ್ನು ಗ್ರೂಪಿನ ಹೆಸರಿನೊಂದಿಗೆ ಕೊಟ್ಟೊಡನೆ ಅದು ಪಟ್ಟಿಗೆ ಸೇರಿತು. ಪಿವಿ ಕ್ರಿಯೇಟ್ ಆಜ್ಞೆಯಿಂದ ಎಲ್‌ವಿಎಂಗೆ ಸಿದ್ಧಪಡಿಸಿದ ಹೊಸ ಡಿಸ್ಕ್‌ಗಳಿಗೆ ಈ ತಾಪತ್ರಯವಿಲ್ಲ. ಒಂದೇ ಡಿಸ್ಕಿನ ಲ್ಯಾಪ್‌ಟಾಪ್‌ನವರಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಸ್ಯಾನ್ ನಿರ್ವಹಿಸುವವರು ಮಾತ್ರ ಇದನ್ನು ನಿಷ್ಕ್ರಿಯಗೊಳಿಸಬಾರದು.