ಧ್ವನಿಮುದ್ರಣದ ಗದ್ದಲ ತೆಗೆಯಲು ಯಾವುದು ತಕ್ಕುದು: ಆಡಾಸಿಟಿಯೋ, ಎಐ ಸಾಧನವೋ?

ಧಾರವಾಡದ ಬೈಠಕ್ಕಿನಲ್ಲಿ ಹಾಡಿದ ಖ್ಯಾಲನ್ನಾಗಲಿ, ಗದಗ ಸೀಮೆಯ ಹಿರಿಯರು ಹೇಳಿದ ಊರಿನ ಕಥೆಯನ್ನಾಗಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡವರಿಗೆ, ಹಿನ್ನೆಲೆಯ ಗದ್ದಲ ತೆಗೆಯಲು ಮುಖ್ಯವಾಗಿ ಎರಡು ದಾರಿಗಳಿವೆ: ಉಚಿತವಾಗಿ ದೊರೆಯುವ ಧ್ವನಿ ಸಂಪಾದನೆಯ ತಂತ್ರಾಂಶ ಆಡಾಸಿಟಿಯ ‘ನಾಯ್ಸ್ ರಿಡಕ್ಷನ್’ ಮತ್ತು ಅಡೋಬಿ ಕಂಪನಿಯ ‘ಎನ್‌ಹ್ಯಾನ್ಸ್ ಸ್ಪೀಚ್’ನಂತಹ ಎಐ ಸಾಧನ.

ಆಡಾಸಿಟಿಗೆ ಬರೀ ಗದ್ದಲವಿರುವ ಚಿಕ್ಕ ತುಣುಕೊಂದನ್ನು ಮಾದರಿಯಾಗಿ ಕೊಡಬೇಕು. ಅದು ಪ್ರತಿ ಆವರ್ತನದಲ್ಲಿ (ಫ್ರೀಕ್ವೆನ್ಸಿ, ಅಂದರೆ ಸದ್ದಿನ ಸ್ಥಾಯಿಯ ಪ್ರತಿ ಹಂತ) ಗದ್ದಲದ ಮಟ್ಟವನ್ನು ಅಳೆದುಕೊಂಡು, ಆ ಮಟ್ಟವನ್ನು ಮೀರದ ಸದ್ದನ್ನು ಇಡೀ ಮುದ್ರಣದಲ್ಲಿ ತಗ್ಗಿಸುತ್ತದೆ. ಹೀಗಾಗಿ ಫ್ಯಾನಿನಂತಹ ಒಂದೇ ಸಮನೆಯ ಸದ್ದಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಹಾರ್ನಿಗೆ ಒಗ್ಗುವುದಿಲ್ಲ. ಸಂಗೀತಕ್ಕೆ ನಾನು ಇದನ್ನೇ ಒಪ್ಪುತ್ತೇನೆ, ಆದರೆ ಒಂದು ಎಚ್ಚರ ಬೇಕೇಬೇಕು: ತಂಬೂರಿಯೂ ಎಡೆಬಿಡದೆ ನುಡಿಯುವುದರಿಂದ, ಅದರ ನಾದ ಮಾದರಿಯ ತುಣುಕಿನಲ್ಲಿ ಸೇರಿಬಿಟ್ಟರೆ ಗದ್ದಲದ ಜೊತೆಗೆ ಶ್ರುತಿಯೂ ಸವೆದುಹೋಗುತ್ತದೆ. ತಂತಿ ಮೀಟುವುದಕ್ಕೆ ಮೊದಲಿನ ಕ್ಷಣಗಳನ್ನೇ ಆರಿಸಿಕೊಳ್ಳಬೇಕು. ತಗ್ಗಿಸುವ ಪ್ರಮಾಣ 6ರಿಂದ 12 ಡೆಸಿಬೆಲ್ ಇದ್ದರೆ ಸಾಮಾನ್ಯವಾಗಿ ಸಾಕು. ಅತಿಯಾದರೆ ದನಿ ನೀರೊಳಗಿಂದ ಬಂದಂತೆ ಗುಳುಗುಳಿಸುತ್ತದೆ.

ಎಐ ಸಾಧನವು ಮಾತಿನ ಅಪಾರ ಮಾದರಿಗಳಿಂದ ಕಲಿತಿರುವುದರಿಂದ ಹಾರ್ನು, ಕೋಣೆಯ ಪ್ರತಿಧ್ವನಿ ಮುಂತಾದವನ್ನೂ ಹಿಂದಕ್ಕೆ ಸರಿಸುತ್ತದೆ, ಮತ್ತು ಮಾದರಿಯ ತುಣುಕನ್ನು ಕೇಳುವುದಿಲ್ಲ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಮಾಡಿದ ಸಂದರ್ಶನಕ್ಕೆ ಇದೇ ಮೇಲು. ಆದರೆ ಮಾತಲ್ಲದ್ದನ್ನು ಅದು ಗದ್ದಲವೆಂದೇ ಬಗೆಯುವುದರಿಂದ ತಂಬೂರಿ, ತಬಲಾ ಅಳಿಸಿಹೋಗಬಹುದು. ಮೆಲುದನಿಯ ಮಾತಿನ ಅಕ್ಷರಗಳನ್ನು ತಾನೇ ಊಹಿಸಿ ತಿದ್ದುವ ಅಪಾಯವೂ ಇದೆ. ಆಡುಮಾತನ್ನು ದಾಖಲಿಸುವವರು ಪ್ರತಿ ಸಾಲನ್ನೂ ಮೂಲದೊಂದಿಗೆ ಹೋಲಿಸಿ ಕೇಳಬೇಕು, ಮೂಲ ಕಡತವನ್ನು ಎಂದಿಗೂ ಅಳಿಸಬಾರದು.