ಕೊರಮೀನಿಗೆ ಯಾವ ಕಪ್ಪೆ? ಭರಣಿ ಮಳೆಯ ಆಚೆ ಈಚೆ

ಏಪ್ರಿಲ್ ಕೊನೆಗೆ ಕುಣಿಗಲ್ ಕಡೆಯ ಕೆರೆಗಳನ್ನು ನೋಡಬೇಕು. ಏರಿ ಮೇಲೆ ನಿಂತರೆ ಅರ್ಧ ಕೆರೆ ಬರೀ ಬಿರುಕು ಬಿಟ್ಟ ಮಣ್ಣು. ಕುರಿಗಳು ಅಲ್ಲೇ ಮೇಯುತ್ತಿರುತ್ತವೆ. ನೀರು ಉಳಿದಿರುವುದು ತೂಬಿನ ಮುಂದೆ ಮತ್ತು ನಡುವಿನ ಹಳ್ಳದಲ್ಲಿ ಮಾತ್ರ. ಆ ನೀರಿನ ಮೇಲೂ ಒಂದು ಕಡೆ ತಾವರೆ, ಒಂದು ಕಡೆ ಜೊಂಡು, ಉಳಿದ ಕಡೆ ಅಂತರಗಂಗೆ. ಗಾಳ ಹಾಕುವವರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಇಡೀ ಕೆರೆಯ ಕೊರಮೀನು ಅಷ್ಟೇ ಜಾಗದಲ್ಲಿ ಬಂದು ಸೇರಿರುತ್ತದೆ.

ನಾನು ಹೇಳುತ್ತಿರುವುದು ನನ್ನ ಹೆಂಡತಿಯ ತವರೂರಿನ ಕೆರೆ. ಎರಡು ಬೇಸಿಗೆಯಿಂದ ನಾನೂ ನನ್ನ ಭಾಮೈದನೂ ಶನಿವಾರ ಬೆಳಗಿನ ಜಾವ ಅಲ್ಲಿಗೆ ಹೋಗುತ್ತಿದ್ದೇವೆ. ಮೀನಿನ ಟೆಂಡರ್ ಹಿಡಿದವರ ಒಪ್ಪಿಗೆ ತಗೊಂಡೇ ಹೋಗುತ್ತೇವೆ. ಅವರು ಬಿಟ್ಟಿರುವುದು ಕಾಟ್ಲಾ, ರೋಹು, ಗೆಂಡೆ. ಅವು ನಮ್ಮ ಲೂರ್, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಕಪ್ಪೆ ಮೀನುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಕೊರಮೀನು ಬಿತ್ತನೆ ಮರಿಗಳನ್ನು ತಿನ್ನುವ ಮೀನು, ಹಾಗಾಗಿ ನಾವು ಅದನ್ನು ಹಿಡಿದರೆ ಅವರಿಗೆ ಬೇಜಾರಿಲ್ಲ. ಕೆಲವು ಕಡೆ ಇದನ್ನೇ ಕುಚ್ಚು ಅಂತಾರೆ, ರಾಡ್ ರೀಲ್ ಹಿಡಿದ ಹುಡುಗರು ಮುರೆಲ್ ಅಂತಾರೆ.

ಲೂರ್ ವಿಷಯಕ್ಕೆ ಬರುವ ಮುಂಚೆ ಈ ಮೀನಿನ ಒಂದು ಗುಣ ಗೊತ್ತಿರಬೇಕು. ಕಿವಿರಿನ ಜೊತೆಗೆ ಇದು ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ. ಬೇಸಿಗೆಯಲ್ಲಿ ನೀರು ಕಾದು, ಕಡಿಮೆಯಾಗಿ, ಬೆಳಗಿನ ಜಾವದ ಹೊತ್ತಿಗೆ ನೀರಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ಆಗ ಗೆಂಡೆಗಳು ಬಾಯಿ ತೆರೆದುಕೊಂಡು ಮೇಲೆ ಬರುವುದನ್ನು ನೀವೂ ನೋಡಿರುತ್ತೀರಿ. ಕೊರಮೀನಿಗೆ ಆ ಕಷ್ಟ ಇಲ್ಲ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು ಮತ್ತೆ ಇಳಿಯುತ್ತದೆ. ಆಗ "ಪುಳಕ್" ಅಂತ ಸಣ್ಣ ಸದ್ದು. ಎರಡು ಮೂರು ಗುಳ್ಳೆ ಉಳಿಯುತ್ತವೆ. ಆ ಗುಳ್ಳೆ ಎಲ್ಲಿ ಎದ್ದವು ಅಂತ ಹತ್ತು ನಿಮಿಷ ಸುಮ್ನೆ ಕೂತು ನೋಡಿದರೆ, ಎಲ್ಲಿ ಎಸೆಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಬಂದ ತಕ್ಷಣ ಎಸೆಯಲು ಶುರು ಮಾಡುವವರು ಈ ಹತ್ತು ನಿಮಿಷವನ್ನೇ ಕಳೆದುಕೊಳ್ಳುತ್ತಾರೆ.

ನಾವು ಹೋಲಿಸಿ ನೋಡಿದ್ದು ನಾಲ್ಕು ಲೂರ್. ಒಳಗೆ ಟೊಳ್ಳಾಗಿರುವ ರಬ್ಬರ್ ಕಪ್ಪೆ. ಹಿಂದೆ ತಿರುಗುವ ತಗಡು ಇರುವ ಜಂಪ್ ಫ್ರಾಗ್. 4 ಇಂಚಿನ ರಬ್ಬರ್ ಮೀನು. ಕೊನೆಗೆ ಹಳೇ ಕಾಲದ ಸ್ಪಿನ್ನರ್, ಅಂದರೆ ಎಳೆದಾಗ ಗಿರಗಿರ ತಿರುಗುವ ತಗಡಿನ ಲೂರ್. ರಾಡ್ 7 ಅಡಿ, ಗಟ್ಟಿ. ದಾರ 40 ಪೌಂಡಿನ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ಗಟ್ಟಿ ದಾರ. ಇದರಲ್ಲಿ ರಾಜಿ ಬೇಡ. ತಾವರೆ ದಂಟಿಗೆ ಸುತ್ತಿಕೊಂಡ ಮೀನನ್ನು ನೈಲಾನ್ ದಾರದಲ್ಲಿ ಎಳೆಯಲು ಹೋದರೆ ದಾರ ತುಂಡಾಗುತ್ತದೆ, ಮೀನು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಹೋಗುತ್ತದೆ. ಅದು ಆಗಬಾರದು.

ಮೊದಲು ಟೊಳ್ಳು ಕಪ್ಪೆ. ಮಳೆ ಬರುವ ಮುಂಚಿನ ವಾರಗಳಿಗೆ ಇದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಎರಡು ಕೊಕ್ಕೆಗಳ ಮೊನೆ ಬೆನ್ನಿಗೆ ಅಂಟಿಕೊಂಡು ಮೇಲೆ ನೋಡುತ್ತಿರುತ್ತದೆ. ಹಾಗಾಗಿ ಅಂತರಗಂಗೆಯ ಮೇಲೆ ಎಸೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಒತ್ತಿಕೊಂಡು ಕೊಕ್ಕೆ ಹೊರಗೆ ಬರುತ್ತದೆ. ಅಂಗಡಿಯಲ್ಲೇ ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ ನೋಡಿ. ಸುಲಭವಾಗಿ ಒತ್ತಿಕೊಂಡು ಎರಡು ಮೊನೆಯೂ ಕಂಡರೆ ಮಾತ್ರ ತಗೊಳ್ಳಿ. ಗಟ್ಟಿ ರಬ್ಬರಿನದ್ದು ನೋಡಲು ಎಷ್ಟೇ ಚಂದ ಇರಲಿ, ಬೇಡ. ನಾನು ಮೊದಲ ವರ್ಷ ಬಳಸಿದ್ದು ಗಟ್ಟಿ ರಬ್ಬರಿನದ್ದೇ. ಮೀನು ಹೊಡೆಯುತ್ತಿತ್ತು, ಕೊಕ್ಕೆ ಕೂರುತ್ತಿರಲಿಲ್ಲ.

ಇನ್ನೊಂದು ಕೆಲಸ. ಅದರ ರಬ್ಬರ್ ಎಳೆಗಳ ಕಾಲು ಬಹಳ ಉದ್ದ ಇರುತ್ತದೆ. ಒಂದು ಕಾಲನ್ನು ಒಂದು ಇಂಚಿನಷ್ಟು, ಇನ್ನೊಂದನ್ನು ಸ್ವಲ್ಪ ಕಡಿಮೆ ಕತ್ತರಿಸಿ. ರಾಡ್ ತುದಿಯನ್ನು ಸಣ್ಣಗೆ ಕುಟ್ಟಿದರೆ ಕಪ್ಪೆ ಆ ಕಡೆ ಈ ಕಡೆ ತಲೆ ತಿರುಗಿಸುತ್ತಾ ಬರುತ್ತದೆ. ಹತ್ತು ಹದಿನೈದು ಸಲ ಎಸೆದ ಮೇಲೆ ಒಳಗೆ ನೀರು ಸೇರಿ ಹಿಂಭಾಗ ಮುಳುಗುತ್ತದೆ. ಹಿಂಡಿ ಮತ್ತೆ ಎಸೆಯಬೇಕು.

ಕಷ್ಟ ಇರುವುದು ಹೊಡೆತ ಬಿದ್ದಾಗ. ತಾವರೆ ಎಲೆ ಒಮ್ಮೆ ಅಲುಗುತ್ತದೆ. ಆಮೇಲೆ ಬಕೆಟ್ ನೀರು ಎತ್ತಿ ಹಾಕಿದ ಹಾಗೆ ಸದ್ದು. ಆ ಕ್ಷಣ ಕೈ ತಾನಾಗಿ ಎಳೆಯಲು ಹೋಗುತ್ತದೆ. ಎಳೆಯಬಾರದು. ಮೀನು ಕಪ್ಪೆಯನ್ನು ಬಾಯಲ್ಲಿ ಹಿಡಿದು ಕೆಳಗೆ ತಿರುಗಬೇಕು. ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಎಳೆಯಬೇಕು. ನನ್ನ ಭಾಮೈದ ಪಕ್ಕದಲ್ಲಿ ನಿಂತು "ಭಾವ, ಇರಿ, ಇರಿ... ಈಗ!" ಅಂತ ಹೇಳಿ ಹೇಳಿಯೇ ನನಗೆ ಇದು ಬಂದದ್ದು. ಈ ವರ್ಷ ಮಳೆಗೆ ಮುಂಚೆ ಟೊಳ್ಳು ಕಪ್ಪೆಗೆ 11 ಹೊಡೆತ ಬಿದ್ದವು, ದಡಕ್ಕೆ ಬಂದದ್ದು 5.

ಜಂಪ್ ಫ್ರಾಗ್ ಥಾಯ್ಲೆಂಡ್ ಕಡೆಯ ಕೊರಮೀನು ಗಾಳಗಾರರಿಗೆ ಬಹಳ ಪ್ರಿಯವಾದದ್ದು. ಚಿಕ್ಕ ಗಟ್ಟಿ ದೇಹ, ಅವಳಿ ಕೊಕ್ಕೆ, ಬಾಲದಲ್ಲಿ ಒಂದು ತಗಡು. ಎಳೆದರೆ ನೀರಿನ ಮೇಲೆ ಚಿಳಚಿಳ ಅಂತ ಸದ್ದು ಮಾಡುತ್ತಾ ಬರುತ್ತದೆ. ಬಯಲು ನೀರಿನಲ್ಲಿ, ಜೊಂಡಿನ ಅಂಚಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದೂರ ಬೀಳುತ್ತದೆ, ಬೇಗ ಜಾಗ ಹುಡುಕಬಹುದು. ಕೊಕ್ಕೆ ತೆರೆದಿರುವುದರಿಂದ ಹೊಡೆದ ಮೀನು ಜಾಸ್ತಿ ಸಿಗುತ್ತದೆ. 9 ಹೊಡೆತಕ್ಕೆ 6 ಮೀನು ಬಂದವು. ಆದರೆ ಈ ಲೆಕ್ಕ ಮಾತ್ರ ನೋಡಿ ಇದೇ ಮೇಲು ಅನ್ನಬೇಡಿ. ಅಂತರಗಂಗೆ ಇರುವ ಕಡೆ ಎಸೆದರೆ ಪ್ರತಿ ಸಲವೂ ತಗಡಿನ ತುಂಬಾ ಬೇರು. ಅದನ್ನು ಕೀಳುವುದರಲ್ಲೇ ಬೆಳಗಿನ ತಂಪು ಹೊತ್ತು ಮುಗಿದುಹೋಗುತ್ತದೆ. ದೊಡ್ಡ ಮೀನು ಇರುವುದೂ ಅಂತರಗಂಗೆಯ ಕೆಳಗೇ, ಅಲ್ವಾ?

ಇಲ್ಲಿ ಭರಣಿ ಮಳೆಯ ಮಾತು ಬರುತ್ತದೆ. ಏಪ್ರಿಲ್ 27ರ ಸುಮಾರಿಗೆ ಭರಣಿ ಶುರು, ಮೇ 11ರ ಸುಮಾರಿಗೆ ಕೃತ್ತಿಕೆ. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಹಿರಿಯರು ಹೇಳುವುದು ಹೊಲದ ಲೆಕ್ಕದಲ್ಲಿ. ಕೆರೆಯ ಲೆಕ್ಕದಲ್ಲೂ ಅದು ಬೇಲಿ ಹಾಕಿದ ಹಾಗೆ ಇದೆ. ಒಂದು ಒಳ್ಳೆ ಮಳೆ ಬಿದ್ದರೆ ಹಳ್ಳದಿಂದ ಕೆಂಪು ನೀರು ಬರುತ್ತದೆ, ನೀರು ತಂಪಾಗುತ್ತದೆ, ಕೆರೆಯಂಗಳದ ಹುಲ್ಲು ಮುಳುಗುತ್ತದೆ. ಕೊರಮೀನು ಕೆರೆ ನಡುವಿನ ಹಳ್ಳ ಬಿಟ್ಟು ಆ ಮೊಣಕಾಲುದ್ದ ನೀರಿಗೆ ಬರುತ್ತದೆ. ನೀರು ಕದಡಿರುವುದರಿಂದ ಸದ್ದು ಮಾಡುವ ಲೂರ್ ಬೇಕು. ಆಗ ನಾನು ಟೊಳ್ಳು ಕಪ್ಪೆ ಬಿಚ್ಚಿ ಜಂಪ್ ಫ್ರಾಗ್ ಕಟ್ಟುತ್ತೇನೆ. ಮೇಲಿನ 6 ಮೀನಿನಲ್ಲಿ 5 ಬಂದದ್ದು ಮಳೆ ಬಿದ್ದ ಮೇಲಿನ ಎರಡು ಶನಿವಾರಗಳಲ್ಲಿ.

ರಬ್ಬರ್ ಮೀನು ಬಿಸಿಲೇರಿದ ಮೇಲಿನ ಲೂರ್. ಒಂಬತ್ತು ಗಂಟೆಯಾದ ಮೇಲೆ ಮೀನು ಮೇಲಕ್ಕೆ ಬಂದು ಹೊಡೆಯುವುದು ಕಡಿಮೆ. ತಾವರೆ ಎಲೆಯ ನೆರಳಿಗೆ ಇಳಿದಿರುತ್ತದೆ. ಅಗಲ ಬಾಯಿಯ ಒಂಟಿ ಕೊಕ್ಕೆಗೆ ರಬ್ಬರ್ ಮೀನು ಪೋಣಿಸಿ, ಮೊನೆಯನ್ನು ಅದರ ಬೆನ್ನಲ್ಲೇ ಅಡಗಿಸಿ, ಎಲೆಗಳ ನಡುವಿನ ತಟ್ಟೆಯಷ್ಟಗಲದ ಕಿಂಡಿಗೆ ಬಿಡಬೇಕು. ಇಳಿಯುವಾಗಲೇ ಬಾಲ ಅಲುಗುತ್ತದೆ. ಹೊಡೆತ ದೊಡ್ಡದಲ್ಲ, ದಾರ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಇದಕ್ಕೆ ಬಿದ್ದದ್ದು 5 ಹೊಡೆತ, ಬಂದದ್ದು 4. ಕೊರಮೀನಿನ ಹಲ್ಲಿಗೆ ಒಂದು ರಬ್ಬರ್ ಎರಡು ಮೀನಿನವರೆಗೆ ಬಾಳಿಕೆ ಬರುತ್ತದೆ. ಬೇರೆಲ್ಲಾ ನಿಂತ ಹೊತ್ತಲ್ಲಿ ಮೀನು ಕೊಡುವ ಲೂರ್ ಇದು, ಹಾಗಾಗಿ ಜೇಬಲ್ಲಿ ಯಾವಾಗಲೂ ಇರಬೇಕು.

ಸ್ಪಿನ್ನರ್ ನಮ್ಮ ಕೆರೆಗೆ ಅಲ್ಲ. ಅದನ್ನು ಒಂದು ದಿನ ಮಾರ್ಕೋನಹಳ್ಳಿ ಹಿನ್ನೀರಿಗೆ ತಗೊಂಡು ಹೋಗಿದ್ದೆವು. ಶಿಂಷಾ ನದಿಗೆ ಕಟ್ಟಿದ ಜಲಾಶಯ ಅದು. ನಾವು ನಿಂತ ಕಡೆ ಕಳೆ ಕಡಿಮೆ, ದಡ ಕಲ್ಲು ಕಲ್ಲು. ಅಲ್ಲಿ ಸ್ಪಿನ್ನರ್ ಚೆನ್ನಾಗಿ ತಿರುಗಿತು. ಎರಡು ಸಣ್ಣ ಕೊರಮೀನು ಬಂದವು. ಬಯಲು ನೀರಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ.

ಬಣ್ಣದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಸಿರು, ಹಳದಿ, ಬಿಳಿ ಹೊಟ್ಟೆ, ಎಲ್ಲಾ ನೋಡಿದೆವು. ಬೆಳಗಿನ ಮಬ್ಬಿನಲ್ಲಿ ಕಪ್ಪು ಒಂದು ಕೈ ಮೇಲು. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನ ಎದುರು ಕಪ್ಪು ಚೆನ್ನಾಗಿ ಕಾಣುತ್ತದೆ ಅಂತ ನನ್ನ ನಂಬಿಕೆ. ಉಳಿದಂತೆ ಬಣ್ಣಕ್ಕೆ ದುಡ್ಡು ಹಾಕಬೇಡಿ. ನೀರಿನ ಮೇಲೆ ಏನು ಹಾಸಿಕೊಂಡಿದೆ ಅಂತ ನೋಡಿ ಲೂರ್ ಆರಿಸಿ.

ಊರಿನ ಒಬ್ಬ ತಾತ ಬಿದಿರು ಗಳದಲ್ಲಿ ಜೀವಂತ ಜಿಲೇಬಿ ಮೀನಿನ (ತಿಲಾಪಿಯಾ) ಮರಿ ಕಟ್ಟಿ ತೂಬಿನ ಹತ್ತಿರ ಕೂರುತ್ತಾರೆ. ಬರೀ ಮೀನಿನ ಲೆಕ್ಕ ಹಿಡಿದರೆ ಅವರೇ ನಮಗಿಂತ ಮುಂದೆ. ಆದರೆ ಮೀನು ಮರಿಯನ್ನು ಪೂರ್ತಿ ನುಂಗಿಬಿಡುತ್ತದೆ, ಕೊಕ್ಕೆ ಗಂಟಲಿಗೆ ಇಳಿಯುತ್ತದೆ. ಅಂಥ ಮೀನನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಲೂರ್ ತುಟಿಯಲ್ಲೇ ನಿಲ್ಲುವುದು ಜಾಸ್ತಿ. ನಾವು ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿರುತ್ತೇವೆ. ಕೈ ಒದ್ದೆ ಮಾಡಿಕೊಂಡು ಹಿಡಿದು, ಬಿಡಿಸಿ, ನೀರಿಗೆ ಬಿಡುತ್ತೇವೆ. ಸಾರಿಗೆ ಒಂದು ಸಾಕು.

ಕೃತ್ತಿಕೆ ಹೊತ್ತಿಗೆ ಇನ್ನೊಂದು ನೋಟ ಕಾಣಿಸುತ್ತದೆ. ಜೊಂಡಿನ ಮಗ್ಗುಲಲ್ಲಿ ನೀರು ಕುದಿಯುವ ಹಾಗೆ ಸಣ್ಣಗೆ ಗುಳುಗುಳು. ಹತ್ತಿರ ಹೋಗಿ ನೋಡಿದರೆ ಕೆಂಪಗೆ, ಬೆರಳಿನ ಉಗುರಿನಷ್ಟು ಉದ್ದದ ನೂರಾರು ಮರಿಗಳು ಉಂಡೆ ಕಟ್ಟಿಕೊಂಡು ಓಡಾಡುತ್ತಿರುತ್ತವೆ. ಅಪ್ಪನೋ ಅಮ್ಮನೋ ಕೆಳಗೇ ಕಾವಲಿರುತ್ತದೆ. ಆ ಉಂಡೆಯ ನಡುವೆ ಯಾವ ಲೂರ್ ಬಿದ್ದರೂ ಅದು ಬಂದು ಹೊಡೆಯುತ್ತದೆ. ಹಸಿವಿಗಲ್ಲ, ಮರಿ ಉಳಿಸಲು. ಎಷ್ಟೋ ಜನ ಇದನ್ನೇ ಕಾಯುತ್ತಾರೆ. ದಯವಿಟ್ಟು ಬೇಡ. ಕಾವಲಿನ ಮೀನು ಹೋದರೆ ಅಷ್ಟೂ ಮರಿ ಬೇರೆ ಮೀನುಗಳ ಹೊಟ್ಟೆ ಸೇರುತ್ತದೆ. ಮುಂದಿನ ಬೇಸಿಗೆಗೆ ಕೆರೆಯಲ್ಲಿ "ಪುಳಕ್" ಅನ್ನುವವರು ಯಾರು?

ಕಳೆದ ಶನಿವಾರ ತೂಬಿನ ಎಡಕ್ಕೆ ಅಂಥ ಒಂದು ಉಂಡೆ ಕಂಡಿತು. ಭಾಮೈದ ಮೊದಲು ನೋಡಿದವನು. ಎಸೆಯಲು ಎತ್ತಿದ ರಾಡನ್ನು ಇಳಿಸಿದ. "ನಡೀರಿ ಭಾವ, ಕೋಡಿ ಕಡೆ ಹೋಗೋಣ" ಅಂದ. ಏರಿ ಮೇಲೆ ನಡೆದು ಕೋಡಿ ಹತ್ತಿರ ಹೋದೆವು. ಅಲ್ಲಿ ಮೀನು ಇರಲಿಲ್ಲ. ಎಂಟೂವರೆವರೆಗೆ ಎಸೆದು, ಕಪ್ಪೆಗಳನ್ನು ಹಿಂಡಿ ಒಣಗಿಸಿ ಡಬ್ಬಿಗೆ ಹಾಕಿದೆವು. ಮರಿ ದೊಡ್ಡವಾಗುವವರೆಗೆ ಆ ಕೆರೆಗೆ ಇನ್ನು ನಾವು ರಾಡ್ ಒಯ್ಯುವುದಿಲ್ಲ.