ಜ್ಞಾನಸ್ನಾನದ ‘ಸೆಟ್’: ಫೋಟೊಕ್ಕೆ ಚೆಂದ, ವಿಧಿಗೆ ತೊಡಕು

ಅಕ್ಕನ ಮಗಳ ಜ್ಞಾನಸ್ನಾನಕ್ಕೆಂದು, ಅಂದರೆ ನೀರೆರೆದು ಮಗುವನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಗೆಂದು, ಮಂಗಳೂರಿನ ಧಾರ್ಮಿಕ ಸಾಮಗ್ರಿಗಳ ಅಂಗಡಿಯೊಂದರಿಂದ 1,850 ರೂಪಾಯಿ ಕೊಟ್ಟು ತಂದ ‘ಸೆಟ್’ ಕುರಿತು ಈ ವಿಮರ್ಶೆ. ಬಿಳಿ ಗೌನು, ಲೇಸಿನ ಟೊಪ್ಪಿ, ಅಲಂಕರಿಸಿದ ಮೇಣದಬತ್ತಿ, ಕಸೂತಿಯ ಟವೆಲು, ನೀರೆರೆಯಲು ಚಿಪ್ಪಿನಾಕಾರದ ಲೋಹದ ಪಾತ್ರೆ ಮತ್ತು ಒಂದು ಪ್ರಮಾಣಪತ್ರ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಮಗುವಿನ ಜ್ಞಾನ ತಂದೆ (ಮಗುವಿನ ವಿಶ್ವಾಸಕ್ಕೆ ಹೊಣೆ ನಿಲ್ಲುವವನು) ನಾನೇ ಆದುದರಿಂದ ಇವುಗಳಲ್ಲಿ ಹೆಚ್ಚಿನವು ನನ್ನ ಕೈಯಲ್ಲೇ ಇದ್ದವು. ಯಾವುದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಹತ್ತಿರದಿಂದಲೇ ಕಂಡೆ.

ಮೊದಲು ಗೌನಿನ ಮಾತು. ನೋಡಲು ಸೊಗಸಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಐದೂ ಮುತ್ತಿನ ಗುಂಡಿಗಳು ಬೆನ್ನಿಗಿವೆ, ಕುತ್ತಿಗೆ ಬಿಗಿಯಾಗಿದೆ. ಜ್ಞಾನಸ್ನಾನದ ವಿಧಿಯಲ್ಲಿ ನೀರೆರೆಯುವುದಕ್ಕೆ ಮೊದಲು, ಕೆಡುಕನ್ನು ಎದುರಿಸುವ ಬಲ ದೊರೆಯಲೆಂದು ಮಗುವಿನ ಎದೆಗೆ ಪವಿತ್ರ ತೈಲವನ್ನು ಹಚ್ಚುತ್ತಾರೆ ಎಂಬುದು ಇದನ್ನು ಹೊಲಿದವರಿಗೆ ತಿಳಿದಿದ್ದಂತಿಲ್ಲ. ಚರ್ಚಿನ ಗುರುಗಳು ಹೆಬ್ಬೆರಳಿಗೆ ಎಣ್ಣೆ ತಾಗಿಸಿಕೊಂಡು ನಿಂತಿರುವಾಗ ಅಕ್ಕ ಮಗುವನ್ನು ಹೆಗಲಿಗೆ ಕವುಚಿಕೊಂಡು, ಸಣ್ಣ ನೂಲಿನ ಕುಣಿಕೆಗಳಿಂದ ಒಂದೊಂದೇ ಗುಂಡಿ ಬಿಡಿಸಬೇಕಾಯಿತು. ಅಳು ಶುರುವಾದದ್ದು ಅಲ್ಲಿಂದಲೇ. ತಣ್ಣೀರಿನ ಮೇಲೆ ಸುಮ್ಮನೆ ಆರೋಪ ಬಂತು. ಹೊರಗೆ ಸ್ಯಾಟಿನ್, ಒಳಗೆ ಗಡುಸಾದ ನೆಟ್ ಇರುವ ಈ ಬಟ್ಟೆ ನಮ್ಮೂರಿನ ಮೇ ತಿಂಗಳ ಸೆಕೆಗೆ ಹೇಳಿದ್ದಲ್ಲ. ಊಟದ ಹೊತ್ತಿಗೆ ಮಗುವಿನ ಕತ್ತು ಕೆಂಪಾಗಿತ್ತು.

ಟೊಪ್ಪಿಯದು ಇನ್ನೊಂದು ಬಗೆಯ ತೊಂದರೆ. ಗದ್ದದ ಕೆಳಗೆ ರಿಬ್ಬನ್ ಗಂಟು ಹಾಕುವ ಈ ಟೊಪ್ಪಿಯನ್ನು ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಮೂರು ಸಲ ನೀರೆರೆಯುವಾಗ ತೆಗೆಯಲೇಬೇಕು. ಅದಾದ ಬೆನ್ನಿಗೇ ನೆತ್ತಿಗೆ ಕ್ರಿಸ್ಮಾ ತೈಲದ ಅಭ್ಯಂಜನ ನಡೆಯುತ್ತದೆ. ಓಲಿವ್ ಎಣ್ಣೆಗೆ ಸುಗಂಧದ್ರವ್ಯ ಬೆರೆಸಿ ಧರ್ಮಾಧ್ಯಕ್ಷರೇ (ಬಿಷಪ್) ಪವಿತ್ರೀಕರಿಸುವ ತೈಲವಿದು; ಯಾಜಕ, ಪ್ರವಾದಿ ಮತ್ತು ರಾಜನಾದ ಕ್ರಿಸ್ತನಲ್ಲಿ ಮಗುವಿಗೂ ಪಾಲು ದೊರೆತುದರ ಗುರುತು. ಕ್ಯಾಮೆರಾದವನು ಅವಸರಪಡಿಸಿದನೆಂದು ನಾವು ಕೂಡಲೇ ಟೊಪ್ಪಿ ತೊಡಿಸಿದೆವು. ತೈಲದ ಹೆಚ್ಚಿನ ಪಾಲನ್ನು ಲೇಸು ಹೀರಿಕೊಂಡಿತು.

ಬಿಳಿ ಬಟ್ಟೆಯನ್ನು ನಿಜವಾಗಿ ತೊಡಿಸಬೇಕಾದದ್ದು ಆ ಬಳಿಕ. ಕ್ರಿಸ್ತನಲ್ಲಿ ಸ್ನಾನ ಹೊಂದಿದವರು ಕ್ರಿಸ್ತನನ್ನೇ ಧರಿಸಿಕೊಂಡಿದ್ದಾರೆ ಎಂದು ಬೈಬಲಿನಲ್ಲಿ ಸಂತ ಪೌಲರು ಗಲಾತ್ಯದ ಕ್ರೈಸ್ತರಿಗೆ ಬರೆದ ಮಾತಿಗೆ ಆ ಬಟ್ಟೆ ಕಣ್ಣಿಗೆ ಕಾಣುವ ರೂಪ. ಮಗುವನ್ನು ಮನೆಯಿಂದಲೇ ಬಿಳಿ ಉಡುಪಿನಲ್ಲಿ ತರುವುದು ನಮ್ಮ ರೂಢಿಯಾದ್ದರಿಂದ ಆ ಗಳಿಗೆಗೆ ಬೇರೆಯೇ ಒಂದು ಬಿಳಿ ವಸ್ತ್ರ ಬೇಕಾಗುತ್ತದೆ. ಗುರುಗಳು ಕೇಳಿದಾಗ ಪೆಟ್ಟಿಗೆಯಲ್ಲಿ ಅಂಥದ್ದು ಇರಲಿಲ್ಲ. ಅಜ್ಜಿ ತಮ್ಮ ಕೈಚೀಲದಿಂದ ನಾಲ್ಕು ಮಡಿಕೆಯ ಮಲ್ಮಲ್ ತುಂಡೊಂದನ್ನು ತೆಗೆದುಕೊಟ್ಟರು. ಅಂಚನ್ನು ಕೈಯಲ್ಲೇ ಹೊಲಿದಿದ್ದರು. ಇಡೀ ಸಮಾರಂಭದಲ್ಲಿ ವಿಧಿಗೆ ಸರಿಯಾಗಿ ಒದಗಿದ ಬಟ್ಟೆ ಅದೊಂದೇ.

ಮೇಣದಬತ್ತಿಯಲ್ಲಿರುವುದು ಅಪಾಯದ ದೋಷ. ಪಾಸ್ಕ ಜಾಗರಣೆಯ (ಈಸ್ಟರ್ ಹಬ್ಬದ ಮುನ್ನಾದಿನದ) ರಾತ್ರಿ ಹೊತ್ತಿಸುವ, ಆ ವರ್ಷದ ಅಂಕಿಗಳನ್ನು ಹೊತ್ತ ದೊಡ್ಡ ಮೇಣದಬತ್ತಿಯಿಂದ ಇದಕ್ಕೆ ಬೆಳಕು ಪಡೆಯಬೇಕು. ಕ್ರಿಸ್ತನ ಬೆಳಕನ್ನು ಆರದಂತೆ ಕಾಯುವ ಹೊಣೆಯನ್ನು ಹೆತ್ತವರಿಗೂ ಜ್ಞಾನ ತಂದೆತಾಯಿಗಳಿಗೂ ಒಪ್ಪಿಸುವುದು ಹೀಗೆ. ಸೆಟ್ಟಿನ ಬತ್ತಿಗೆ ಸುತ್ತಿದ ಮಿನುಗು ರಿಬ್ಬನ್ನು, ಪ್ಲಾಸ್ಟಿಕ್ ಹೂವುಗಳು ಜ್ವಾಲೆಗೆ ಬರೇ ಮೂರು ಬೆರಳು ಕೆಳಗಿದ್ದವು. ತೊಟ್ಟಿಕ್ಕುವ ಮೇಣವನ್ನು ತಡೆಯಲು ಒಂದು ಕಾಗದದ ಬಿಲ್ಲೆಯೂ ಇರಲಿಲ್ಲ. ನನ್ನ ಹೆಬ್ಬೆರಳಿನ ಮೇಲೆ ಎರಡು ಹನಿ ಬಿತ್ತು, ರಿಬ್ಬನ್ನಿನ ತುದಿ ಸುಟ್ಟು ಮುದುಡಿತು, ಪ್ರಾರ್ಥನೆಯ ಮಧ್ಯದಲ್ಲೇ ಊದಿ ಆರಿಸಬೇಕಾಯಿತು.

ಟವೆಲು ಒಳ್ಳೆಯ ಹತ್ತಿಯದು, ನೀರನ್ನು ಚೆನ್ನಾಗಿ ಹೀರುತ್ತದೆ. ಲೋಹದ ಚಿಪ್ಪು ವ್ಯರ್ಥ. ಚರ್ಚಿನಲ್ಲಿ ಅದಿದ್ದೇ ಇರುತ್ತದೆ.

ಪ್ರಮಾಣಪತ್ರದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಂಬಣ್ಣದ ಅಂಚಿರುವ ಈ ಹಾಳೆಯಲ್ಲಿ ಹೆಸರು ತುಂಬಿಸಿದರೆ ಮುಂದೆ ಎಲ್ಲದಕ್ಕೂ ನಡೆಯುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ಅದು ತಪ್ಪು. ಜ್ಞಾನಸ್ನಾನ ಬಾಳಿಗೊಮ್ಮೆ ಮಾತ್ರ ಪಡೆಯುವ ಸಂಸ್ಕಾರ. ಅದರ ಅಧಿಕೃತ ನೋಂದಣಿ ಧರ್ಮಕೇಂದ್ರದ, ಅಂದರೆ ಆ ಊರಿನ ಚರ್ಚಿನ, ಪುಸ್ತಕದಲ್ಲಿರುತ್ತದೆ. ಮುಂದೆ ದೃಢೀಕರಣವೆಂಬ ವಿಶ್ವಾಸ ಬಲಪಡಿಸುವ ಸಂಸ್ಕಾರವಾದರೂ, ಮದುವೆಯಾದರೂ, ಗುರುದೀಕ್ಷೆಯಾದರೂ ಅದೇ ನಮೂದಿನ ಬದಿಯಲ್ಲಿ ಬರೆದುಕೊಳ್ಳುತ್ತಾರೆ. ಮದುವೆಗೆ ಮೊದಲು ಆ ಪುಸ್ತಕದಿಂದ ಹೊಸದಾಗಿ ಪ್ರತಿ ತರಲು ಹೇಳುವುದು ಇದೇ ಕಾರಣಕ್ಕೆ. ಅಂಗಡಿಯ ಹಾಳೆ ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ.

ಅಂಗಡಿಯವರ ವರ್ತನೆ ವಿನಯದ್ದೇ. ಗೌನನ್ನು ಅಳತೆ ಸಾಲದೆಂದು ಹಿಂದಿರುಗಿಸಿದಾಗ ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಆದರೂ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ. ಸೆಟ್ಟಿನ ಬದಲು ಮುಂಭಾಗದಲ್ಲಿ ಗುಂಡಿಯಿರುವ ಹತ್ತಿಯ ಅಂಗಿ, ಒಂದು ಮೀಟರ್ ಬಿಳಿ ಮಲ್ಮಲ್, ಅಲಂಕಾರವಿಲ್ಲದ ದಪ್ಪ ಮೇಣದಬತ್ತಿ ಕೊಂಡರೆ ಅರ್ಧ ಬೆಲೆಯಲ್ಲಿ ಕೆಲಸವಾಗುತ್ತದೆ. ನಮ್ಮ ಬತ್ತಿಯಿಂದ ರಿಬ್ಬನ್ನು, ಹೂವು ಕಿತ್ತುಹಾಕಿದ್ದೇವೆ. ಮಗು ಮೊದಲ ಬಾರಿ ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿ) ಸ್ವೀಕರಿಸುವ ದಿನ ಮತ್ತೆ ಹೊತ್ತಿಸಲೆಂದು ಅಕ್ಕ ಅದನ್ನು ಅಜ್ಜಿಯ ಮಲ್ಮಲ್ ತುಂಡಿನಲ್ಲೇ ಸುತ್ತಿ ಕಪಾಟಿನಲ್ಲಿಟ್ಟಿದ್ದಾಳೆ.